ಕೆಂಪು ಬ್ರೇಕ್ ದೀಪ ಇಳಿಜಾರಿನಲ್ಲಿ, ಎಬಿಎಸ್ ದೀಪ ಹಳ್ಳ-ದಿಣ್ಣೆಯಲ್ಲಿ: ಬಿಡಿಭಾಗ ಕೊಳ್ಳುವ ಮೊದಲು ನಾವೇ ಏನೇನು ಪರೀಕ್ಷಿಸಬಹುದು?

ಮಣ್ಣುದಾರಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ.

ನನ್ನದು ಚಾಸಿಯ ಮೇಲೆ ಬಾಡಿ ಕೂರಿಸಿದ, ಡೀಸೆಲ್ ಎಂಜಿನ್ನಿನ, ಹಿಂದೆ ಮುಂದೆ ಎರಡೂ ಕಡೆ ಇಡೀ ಆಕ್ಸಲ್ ಇರುವ ಹಳೆಯ ಫೋರ್ ವೀಲ್ ಡ್ರೈವ್ ವಾಹನ. ಮುಂದಿನ ಚಕ್ರಗಳಿಗೆ ಡಿಸ್ಕ್, ಹಿಂದಿನವಕ್ಕೆ ಡ್ರಮ್, ನಾಲ್ಕೂ ಚಕ್ರಗಳಿಗೆ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಸೆನ್ಸರ್ ಇವೆ. ಕಲ್ಲು-ಮಣ್ಣಿನ ದಾರಿಗೆ ಅನುಕೂಲವಾಗಲೆಂದು ಸಸ್ಪೆನ್ಷನ್ನನ್ನು ಸುಮಾರು ಎರಡು ಇಂಚು ಎತ್ತರಿಸಲಾಗಿದೆ. ಬ್ರೇಕಿನ ಹೋಸ್ ಪೈಪುಗಳನ್ನು ಆಗಲೇ ಉದ್ದನೆಯವಕ್ಕೆ ಬದಲಾಯಿಸಿದ್ದೇನೆ.

ಈಚೆಗೆ ಕೆಸರು ಮತ್ತು ಮೊಣಕಾಲುದ್ದದ ನೀರಿರುವ ದಾರಿಯಲ್ಲಿ ಹೋಗಿ ಬಂದ ಮೇಲೆ ಡ್ಯಾಶ್‌ಬೋರ್ಡಿನಲ್ಲಿ ಎರಡು ದೀಪಗಳು ಬರತೊಡಗಿವೆ. ಮೊದಲನೆಯದು ವೃತ್ತದೊಳಗೆ ಉದ್ಗಾರ ಚಿಹ್ನೆ ಇರುವ ಕೆಂಪು ದೀಪ. ಸಮತಟ್ಟಾದ ಜಾಗದಲ್ಲಿ ಇದು ಉರಿಯುವುದಿಲ್ಲ. ಕಡಿದಾದ ಇಳಿಜಾರಿನಲ್ಲಿ ಮೂತಿ ಕೆಳಗಾದಾಗ ಅಥವಾ ಗಾಡಿ ಒಂದು ಪಕ್ಕಕ್ಕೆ ಚೆನ್ನಾಗಿ ವಾಲಿದಾಗ ಹತ್ತಿ, ನೇರವಾದ ಮೇಲೆ ಆರಿಹೋಗುತ್ತದೆ. ಎರಡನೆಯದು ಹಳದಿ ಬಣ್ಣದ ಎಬಿಎಸ್ ದೀಪ. ಕೀಲಿ ತಿರುಗಿಸಿದಾಗ ಎಂದಿನಂತೆ ಕೆಲವು ಸೆಕೆಂಡು ಉರಿದು ಆರುತ್ತದೆ, ಆದರೆ ದೊಡ್ಡ ಹಳ್ಳಕ್ಕೆ ಚಕ್ರ ಇಳಿದಾಗಲೋ ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿದಾಗಲೋ ಮತ್ತೆ ಹತ್ತಿಕೊಂಡು, ಎಂಜಿನ್ ಆರಿಸುವವರೆಗೂ ಹಾಗೆಯೇ ಉಳಿಯುತ್ತದೆ. ಹಾಳಾಗದ ಡಾಂಬರು ರಸ್ತೆಯಲ್ಲಿ ಎಷ್ಟು ದೂರ ಓಡಿಸಿದರೂ ಅದು ಬರುವುದಿಲ್ಲ.

ಪೆಡಲ್ ಗಟ್ಟಿಯಾಗಿಯೇ ಇದೆ, ಗಾಡಿ ನೇರವಾಗಿ ನಿಲ್ಲುತ್ತದೆ. ಮೊಬೈಲಿಗೆ ಜೋಡಿಸುವ ಸಣ್ಣ ಒಬಿಡಿ ರೀಡರ್ (ಗಾಡಿಯ ದೋಷದ ಕೋಡುಗಳನ್ನು ಓದುವ ಸಾಧನ) ಹಾಕಿ ನೋಡಿದರೆ ‘ದೋಷ ಯಾವುದೂ ಇಲ್ಲ’ ಎಂದೇ ಬರುತ್ತದೆ. ನನ್ನ ಬಳಿ ಒಂದು ಡಿಜಿಟಲ್ ಮಲ್ಟಿಮೀಟರ್, ಜಾಕ್, ಎರಡು ಸ್ಟ್ಯಾಂಡ್ ಮತ್ತು ಸಾಮಾನ್ಯ ಸ್ಪ್ಯಾನರ್ ಸೆಟ್ ಇವೆ. ಎಬಿಎಸ್ ಯೂನಿಟ್ಟನ್ನೇ ಬದಲಾಯಿಸಬೇಕಾಗಬಹುದು ಎಂದು ಒಂದು ಕಡೆ ಹೇಳಿದರು. ಅದಕ್ಕೆ ಒಪ್ಪುವ ಮೊದಲು ನಾನೇ ಕ್ರಮವಾಗಿ ಪರೀಕ್ಷಿಸಬೇಕೆಂದಿದ್ದೇನೆ. ಎರಡೂ ದೀಪಗಳಿಗೆ ಮೂಲ ಒಂದೇ ಇರಬಹುದೇ? ಎಲ್ಲಿಂದ ಆರಂಭಿಸಲಿ?

ಹಳೆ ಸ್ಪ್ಯಾನರ್

ಮಣ್ಣುದಾರಿ ಅವರೇ, ದೀಪ ಯಾವಾಗ ಹತ್ತುತ್ತದೆ, ಯಾವಾಗ ಆರುತ್ತದೆ ಎಂಬುದನ್ನು ನೀವು ಇಷ್ಟು ವಿವರವಾಗಿ ಗಮನಿಸಿರುವುದರಿಂದ ಅರ್ಧ ಕೆಲಸ ಆಗಿಯೇ ಹೋಗಿದೆ. ನೀವು ಕೊಟ್ಟಿರುವ ವಿವರ ನೋಡಿದರೆ ಇವು ಎರಡು ಬೇರೆ ಬೇರೆ ತೊಂದರೆಗಳು, ಒಂದೇ ದಿನ ಕಣ್ಣಿಗೆ ಬಿದ್ದಿವೆ ಅಷ್ಟೆ ಎಂಬುದು ನನ್ನ ಅಭಿಪ್ರಾಯ. ಕೆಂಪು ದೀಪದ ಬಗ್ಗೆ ನಾನು ಬರೆಯುತ್ತೇನೆ; ಎಬಿಎಸ್ ವಿಚಾರವನ್ನು ವೈರಿಂಗ್ ಚೆನ್ನಾಗಿ ಬಲ್ಲವರು ಹೇಳಲಿ.

ಕೆಲಸ ಶುರು ಮಾಡುವ ಮೊದಲು ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಕೆಂಪು ದೀಪದ ಜೊತೆಗೆ ಪೆಡಲ್ ಮೆತ್ತಗಾದರೆ, ಎಂದಿಗಿಂತ ಆಳಕ್ಕೆ ಇಳಿದರೆ, ಅಥವಾ ಒತ್ತಿ ಹಿಡಿದಾಗ ನಿಧಾನವಾಗಿ ಕೆಳಗೆ ಸರಿಯುತ್ತಾ ಹೋದರೆ ಗಾಡಿಯನ್ನು ಇದ್ದಲ್ಲಿಯೇ ನಿಲ್ಲಿಸಬೇಕು. ಮಾಸ್ಟರ್ ಸಿಲಿಂಡರಿನಲ್ಲಿ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ಲಿಗೆ ಒತ್ತಡ ಕೊಡುವ ಭಾಗ) ಎರಡು ಪ್ರತ್ಯೇಕ ಸರ್ಕ್ಯೂಟುಗಳಿರುವುದರಿಂದ ಒಂದು ಹೋದರೂ ಇನ್ನೊಂದು ಸ್ವಲ್ಪ ಹಿಡಿಯುತ್ತದೆ ಎಂಬುದು ನಿಜ. ಆದರೆ ಆ ‘ಸ್ವಲ್ಪ’ವನ್ನು ನಂಬಿ ಘಟ್ಟ ಇಳಿಯಲಾಗದು. ಹಾಗೆಯೇ ಕೆಂಪು ಮತ್ತು ಎಬಿಎಸ್ ದೀಪಗಳೆರಡೂ ಒಟ್ಟಿಗೆ ಹತ್ತಿ ಸಮತಟ್ಟಿನಲ್ಲಿಯೂ ಆರದೆ ಉಳಿದರೆ, ಇಬಿಡಿ ಇರುವ ವಾಹನಗಳಲ್ಲಿ ಹಿಂದಿನ ಮತ್ತು ಮುಂದಿನ ಚಕ್ರಗಳ ನಡುವೆ ಬ್ರೇಕಿನ ಬಲ ಹಂಚುವ ವ್ಯವಸ್ಥೆಯೂ ನಿಂತಿದೆ ಎಂದು ಅರ್ಥ. ಆಗ ಜೋರಾಗಿ ಬ್ರೇಕ್ ಒತ್ತಿದರೆ ಹಿಂದಿನ ಚಕ್ರಗಳೇ ಮೊದಲು ಲಾಕ್ ಆಗಿ ಗಾಡಿ ಅಡ್ಡ ತಿರುಗುವ ಅಪಾಯವಿದೆ. ನಿಮ್ಮ ಗಾಡಿಯಲ್ಲಿ ಈ ಲಕ್ಷಣಗಳು ಇಲ್ಲ, ಆದ್ದರಿಂದ ನಿಧಾನವಾಗಿ ಪರೀಕ್ಷಿಸಲು ಅವಕಾಶವಿದೆ.

ಹಳೆಯ ಬಹುಪಾಲು ವಾಹನಗಳಲ್ಲಿ ಕೆಂಪು ದೀಪಕ್ಕೆ ಸೇರುವ ಸ್ವಿಚ್ಚುಗಳು ಮುಖ್ಯವಾಗಿ ಎರಡು: ಹ್ಯಾಂಡ್ ಬ್ರೇಕ್ ಲಿವರಿನ ಬುಡದಲ್ಲಿರುವುದು ಒಂದು, ಬ್ರೇಕ್ ಆಯಿಲ್ ಡಬ್ಬಿಯ ಫ್ಲೋಟ್ ಸ್ವಿಚ್ ಇನ್ನೊಂದು. ಎರಡರಲ್ಲಿ ಯಾವುದು ಅರ್ತ್ ಕೊಟ್ಟರೂ ಅದೇ ದೀಪ ಹತ್ತುತ್ತದೆ. ಗಾಡಿ ವಾಲಿದಾಗ ಮಾತ್ರ ಹತ್ತುತ್ತದೆ ಎಂದರೆ ಮೊದಲ ಅನುಮಾನ ಆಯಿಲ್ ಡಬ್ಬಿಯ ಮೇಲೆಯೇ. ಡಬ್ಬಿಯೊಳಗಿನ ಆಯಿಲ್ ಒಂದು ಮೂಲೆಗೆ ಸರಿದಾಗ ಫ್ಲೋಟ್ ಕೆಳಗಿಳಿದು ಒಳಗಿನ ಆಯಸ್ಕಾಂತ ಸ್ವಿಚ್ಚನ್ನು ಮುಟ್ಟಿಸುತ್ತದೆ. ಮಟ್ಟ ತುಂಬಿದ್ದರೆ ಎಷ್ಟು ವಾಲಿದರೂ ಸಾಮಾನ್ಯವಾಗಿ ಹೀಗಾಗುವುದಿಲ್ಲ.

ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಡಬ್ಬಿಯ ಹೊರಮೈಯನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿ ಮಟ್ಟ ನೋಡಿ. ಮುಚ್ಚಳದ ಸುತ್ತಲಿನ ಧೂಳು ಒಳಗೆ ಬೀಳಬಾರದು, ಆದ್ದರಿಂದ ಒರೆಸದೆ ಮುಚ್ಚಳ ತೆಗೆಯಬೇಡಿ. ಮಟ್ಟ ಕನಿಷ್ಠ ಗೆರೆಯ ಹತ್ತಿರ ಇದ್ದರೆ ಮುಂದಿನ ಪ್ರಶ್ನೆ: ಆಯಿಲ್ ಎಲ್ಲಿ ಹೋಯಿತು? ಪ್ಯಾಡು ಸವೆದಂತೆಲ್ಲ, ಅದನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿಸ್ಟನ್ ಹೊರಗೆ ಬರುತ್ತದೆ, ಅದರ ಹಿಂದೆ ಉಂಟಾದ ಜಾಗವನ್ನು ಡಬ್ಬಿಯ ಆಯಿಲ್ ತುಂಬುತ್ತದೆ. ಹೀಗೆ ನಿಧಾನವಾಗಿ ಇಳಿಯುವುದು ಸಹಜ. ಹಾಗಾಗಿ ಮೊದಲು ಚಕ್ರ ಬಿಚ್ಚಿ ಮುಂದಿನ ಪ್ಯಾಡುಗಳ ದಪ್ಪ ನೋಡಿ, ಒಳಗಿನ ಪ್ಯಾಡನ್ನೂ ಮರೆಯಬೇಡಿ. ಕೆಸರಿನಲ್ಲಿ ಓಡುವ ಗಾಡಿಗಳಲ್ಲಿ ಕ್ಯಾಲಿಪರಿನ ಪಿನ್ನುಗಳು ಬಿಗಿದುಕೊಂಡು ಒಳಗಿನದೇ ಬೇಗ ಸವೆಯುವುದುಂಟು.

ಪ್ಯಾಡು ದಪ್ಪವಾಗಿದ್ದೂ ಆಯಿಲ್ ಇಳಿದಿದ್ದರೆ ಸೋರಿಕೆ ಹುಡುಕಲೇಬೇಕು. ಹಿಂದಿನ ಡ್ರಮ್ ಬಿಚ್ಚಿ, ವೀಲ್ ಸಿಲಿಂಡರಿನ ರಬ್ಬರ್ ಟೋಪಿಯ ಅಂಚನ್ನು ಬೆರಳಿನಿಂದ ಮೆಲ್ಲಗೆ ಎತ್ತಿ ನೋಡಿ. ತೇವದ ಛಾಯೆ ಇರಬಹುದು, ಆದರೆ ಆಯಿಲ್ ಹನಿದರೆ ಸಿಲಿಂಡರ್ ಹೋಗಿದೆ. ಡ್ರಮ್ಮಿನೊಳಗೆ ಜಿಡ್ಡು ಕಂಡ ಕೂಡಲೇ ಅದು ಬ್ರೇಕ್ ಆಯಿಲ್ ಎಂದು ತೀರ್ಮಾನಿಸಬೇಡಿ. ಆಕ್ಸಲಿನ ಸೀಲ್ ಸೋರಿದರೂ ಅದೇ ಜಾಗ ಒದ್ದೆಯಾಗುತ್ತದೆ. ಗೇರ್ ಆಯಿಲ್ ದಪ್ಪಗಿದ್ದು ಗಂಧಕದ ವಾಸನೆ ಹೊಡೆಯುತ್ತದೆ, ನೀರಿನಲ್ಲಿ ಬೆರೆಯುವುದಿಲ್ಲ. ಡಾಟ್ 3 ಅಥವಾ ಡಾಟ್ 4 ಬ್ರೇಕ್ ಆಯಿಲ್ ತೆಳ್ಳಗಿದ್ದು ನೀರು ಹಾಕಿದರೆ ತೊಳೆದುಹೋಗುತ್ತದೆ.

ಎಲ್ಲೂ ಸೋರಿಕೆ ಕಾಣದಿದ್ದರೆ ಕೊನೆಯದಾಗಿ ಮಾಸ್ಟರ್ ಸಿಲಿಂಡರ್ ಮತ್ತು ಬೂಸ್ಟರ್ (ಪೆಡಲಿನ ಬಲವನ್ನು ಹೆಚ್ಚಿಸುವ ಭಾಗ) ಸೇರುವ ಜಾಗಕ್ಕೆ ಟಾರ್ಚ್ ಬಿಡಿ. ಹಿಂದಿನ ಸೀಲ್ ಹೋಗಿದ್ದರೆ ಆಯಿಲ್ ಬೂಸ್ಟರಿನೊಳಕ್ಕೇ ಸೇರುತ್ತದೆ, ನೆಲದ ಮೇಲೆ ಒಂದು ಹನಿಯೂ ಬೀಳುವುದಿಲ್ಲ. ಆದರೆ ಆ ಸಂದಿನ ಕೆಳಗೆ ಬೂಸ್ಟರಿನ ಕಪ್ಪು ಬಣ್ಣ ಉಬ್ಬಿ, ಸಿಪ್ಪೆಯಂತೆ ಎದ್ದು, ಕೆಳಮುಖವಾಗಿ ಒಂದು ಗೆರೆ ಮೂಡಿರುತ್ತದೆ. ಬ್ರೇಕ್ ಆಯಿಲ್ ಪೇಂಟನ್ನು ತಿನ್ನುವುದರಿಂದ ಈ ಗುರುತು ಸುಳ್ಳು ಹೇಳುವುದಿಲ್ಲ.

ಹ್ಯಾಂಡ್ ಬ್ರೇಕ್ ಸ್ವಿಚ್ಚಿನ ಪರೀಕ್ಷೆ ಸುಲಭ. ಅದರ ವೈರ್ ಕಳಚಿ ಅದೇ ಇಳಿಜಾರಿನಲ್ಲಿ ನಿಲ್ಲಿಸಿದಾಗಲೂ ದೀಪ ಹತ್ತಿದರೆ ಆ ಸ್ವಿಚ್ ನಿರ್ದೋಷಿ.

ಫೋರ್ ಲೋ

ನನ್ನ ಗಾಡಿಯಲ್ಲೂ ಇಳಿಜಾರಿನಲ್ಲಿ ಕೆಂಪು ದೀಪ ಬರುತ್ತಿತ್ತು. ಬ್ರೇಕ್ ಆಯಿಲ್ ಗರಿಷ್ಠ ಗೆರೆಯವರೆಗೆ ತುಂಬಿಸಿದೆ, ಸರಿಹೋಯಿತು. ಇಷ್ಟಕ್ಕೆ ಡ್ರಮ್ ಬಿಚ್ಚುವವರೆಗೆ ಹೋಗಬೇಕಾಗಿಲ್ಲ ಎನಿಸುತ್ತದೆ.

ಎಬಿಎಸ್ ದೀಪದ ಬಗ್ಗೆ ಒಂದು ವಿಷಯವನ್ನು ಖಚಿತಪಡಿಸಿಕೊಳ್ಳಿ: ದೀಪ ಬರುವ ಹೊತ್ತಿಗೆ ನೀವು ಡಿಫ್ ಲಾಕ್ (ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ಲಿನ ಲಾಕ್) ಹಾಕಿರುತ್ತೀರಾ? ಅನೇಕ ವಾಹನಗಳಲ್ಲಿ ಸೆಂಟರ್ ಅಥವಾ ಹಿಂದಿನ ಡಿಫರೆನ್ಷಿಯಲ್ ಲಾಕ್ ಮಾಡಿದ ಕೂಡಲೇ ಎಬಿಎಸ್ ತಾನಾಗಿಯೇ ನಿಂತು ಹಳದಿ ದೀಪ ಹತ್ತುವಂತೆ ಕಂಪನಿಯವರೇ ಮಾಡಿರುತ್ತಾರೆ. ಲಾಕ್ ಆದಾಗ ಚಕ್ರಗಳು ಒಂದಕ್ಕೊಂದು ಕಟ್ಟಿಬಿದ್ದು ತಿರುಗುವುದರಿಂದ ಪ್ರತಿ ಚಕ್ರದ ವೇಗವನ್ನು ಬೇರೆಬೇರೆಯಾಗಿ ನಿಯಂತ್ರಿಸಲು ಆಗುವುದಿಲ್ಲ. ಇದು ದೋಷವಲ್ಲ, ಲಾಕ್ ತೆಗೆದ ಮೇಲೆ ದೀಪ ಆರಬೇಕು.

ಹಳೆ ಸ್ಪ್ಯಾನರ್

ಫೋರ್ ಲೋ ಅವರೇ, ಡಿಫ್ ಲಾಕ್ ವಿಚಾರ ಒಳ್ಳೆಯ ಮಾತು, ಅದನ್ನು ಮೊದಲೇ ಕೇಳಬೇಕಾದದ್ದು. ಆದರೆ ಆಯಿಲ್ ತುಂಬಿಸಿ ಸುಮ್ಮನಾಗುವುದನ್ನು ನಾನು ಒಪ್ಪಲಾರೆ. ಪ್ಯಾಡು ಸವೆದು ಆಯಿಲ್ ಇಳಿದಿದ್ದರೆ ಆ ದೀಪ ನಿಮಗೆ ಸವೆತದ ಸುದ್ದಿಯನ್ನೇ ಕೊಡುತ್ತಿತ್ತು. ತುಂಬಿಸಿದ ಮೇಲೆ ಆ ಸುದ್ದಿ ನಿಂತಿತು, ಸವೆತ ನಿಂತಿಲ್ಲ. ಮುಂದೆ ಹೊಸ ಪ್ಯಾಡು ಹಾಕಲು ಪಿಸ್ಟನ್ ಹಿಂದಕ್ಕೆ ಒತ್ತಿದಾಗ ಹೆಚ್ಚಾದ ಆಯಿಲ್ ಡಬ್ಬಿಯಿಂದ ಉಕ್ಕಿ ಸುತ್ತಲಿನ ಪೇಂಟಿನ ಮೇಲೆ ಹರಿಯುತ್ತದೆ. ಇನ್ನು ಸೋರಿಕೆಯೇ ಕಾರಣವಾಗಿದ್ದರಂತೂ ಆಯಿಲ್ ತುಂಬಿಸುವುದೆಂದರೆ ಅಪಾಯವನ್ನು ಕೆಲವು ವಾರ ಮುಂದೂಡುವುದು, ಅಷ್ಟೆ. ನಿಮ್ಮ ಗಾಡಿಯ ಪ್ಯಾಡುಗಳನ್ನೂ ಒಮ್ಮೆ ತೆಗೆದು ನೋಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಆಯಿಲ್ ಹಾಕುವುದೇ ಆದರೆ ಮುಚ್ಚಳದ ಮೇಲೆ ಬರೆದಿರುವ ದರ್ಜೆಯದನ್ನೇ, ಹೊಸದಾಗಿ ಒಡೆದ ಬಾಟಲಿಯಿಂದ ಹಾಕಿ. ಡಾಟ್ 4ರ ಕನಿಷ್ಠ ಕುದಿಬಿಂದು ಹೊಸದಿದ್ದಾಗ 230 ಡಿಗ್ರಿ ಸೆಲ್ಸಿಯಸ್. ಸುಮಾರು ಶೇಕಡಾ 3.7ರಷ್ಟು ನೀರು ಹೀರಿದ ಮೇಲೆ ಅದಕ್ಕಿರುವ ಮಿತಿ 155 ಡಿಗ್ರಿ ಮಾತ್ರ. ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಬಿಸಿಯಾದಾಗ ಈ ವ್ಯತ್ಯಾಸವೇ ಪೆಡಲ್ ಮೆತ್ತಗಾಗಲು ಕಾರಣವಾಗುತ್ತದೆ. ಡಾಟ್ 5 ಎಂಬುದು ಸಿಲಿಕೋನ್ ಆಧಾರದ ಬೇರೆಯೇ ದ್ರವ, ಅದನ್ನು ಇವುಗಳ ಜೊತೆ ಬೆರೆಸಕೂಡದು, ಡಾಟ್ 5.1 ಹಾಗಲ್ಲ, ಅದು ಡಾಟ್ 4ರ ಜಾತಿಯದೇ. ಎಂಜಿನ್ ಆಯಿಲ್ ಅಥವಾ ಪವರ್ ಸ್ಟಿಯರಿಂಗ್ ಆಯಿಲ್ಲಿನ ಒಂದು ಹನಿ ಕೂಡ ಈ ಡಬ್ಬಿಗೆ ಬೀಳಬಾರದು, ರಬ್ಬರ್ ಸೀಲುಗಳೆಲ್ಲ ಉಬ್ಬಿ ಇಡೀ ವ್ಯವಸ್ಥೆಯನ್ನೇ ಬದಲಾಯಿಸಬೇಕಾಗುತ್ತದೆ.

ವೈರು ಮತ್ತು ಮೀಟರು

ಎಬಿಎಸ್ ದೀಪದ ಬಗ್ಗೆ ನಾನು ಹೇಳುತ್ತೇನೆ. ಯೂನಿಟ್ ಬದಲಾಯಿಸುವ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಯೂನಿಟ್ಟಿನ ಒಳಗಿನ ದೋಷಕ್ಕೆ ಹಳ್ಳ ಯಾವುದು, ಡಾಂಬರು ಯಾವುದು ಎಂಬುದು ಗೊತ್ತಿರುವುದಿಲ್ಲ. ಚಕ್ರ ಕೆಳಗಿಳಿದಾಗ ಅಥವಾ ಸ್ಟಿಯರಿಂಗ್ ತಿರುಗಿದಾಗ ಮಾತ್ರ ಬರುವ ದೋಷವು ಅವುಗಳ ಜೊತೆ ಅಲುಗಾಡುವ ವಸ್ತುವಿನಲ್ಲಿಯೇ ಇರಬೇಕು, ಅಂದರೆ ಸೆನ್ಸರಿನ ವೈರಿನಲ್ಲಿ. ನೀವು ಸಸ್ಪೆನ್ಷನ್ ಎತ್ತರಿಸಿದಾಗ ಹೋಸ್ ಪೈಪುಗಳನ್ನು ಉದ್ದ ಮಾಡಿದ್ದೀರಿ. ಸೆನ್ಸರ್ ವೈರುಗಳನ್ನು ಮಾಡಿದ್ದೀರಾ? ಪ್ರಶ್ನೆಯಲ್ಲಿ ಆ ಮಾತಿಲ್ಲ.

ಎಬಿಎಸ್ ದೀಪ ಹತ್ತುವ ಗಳಿಗೆಯನ್ನು ನೋಡಿಯೇ ಬಹಳಷ್ಟು ತಿಳಿಯಬಹುದು. ಕೀಲಿ ತಿರುಗಿಸಿದ ಮೇಲೆ ಆರದೇ ಉಳಿದರೆ ವೈರ್ ಪೂರ್ತಿ ತುಂಡಾಗಿರುವುದು, ಫ್ಯೂಸ್ ಹೋಗಿರುವುದು, ಯೂನಿಟ್ಟಿಗೆ ಕರೆಂಟ್ ಅಥವಾ ಅರ್ತ್ ಸರಿಯಾಗಿ ಸಿಗದಿರುವುದು ಇಂಥ ನಿರಂತರ ದೋಷವಿರುತ್ತದೆ. ಆರಿ, ಗಾಡಿ ಹೊರಟು ಸ್ವಲ್ಪ ವೇಗ ಪಡೆದ ಮೇಲೆ ಪ್ರತಿ ಸಲವೂ ಹತ್ತಿದರೆ ವೈರ್ ಸರಿ ಇದೆ, ಆದರೆ ಯಾವುದೋ ಚಕ್ರದ ಸಿಗ್ನಲ್ ಬರುತ್ತಿಲ್ಲ ಅಥವಾ ಉಳಿದವುಗಳ ಜೊತೆ ತಾಳೆಯಾಗುತ್ತಿಲ್ಲ. ಸೆನ್ಸರಿನ ತುದಿಗೆ ಕಬ್ಬಿಣದ ಪುಡಿ ಮೆತ್ತಿಕೊಂಡಿರಬಹುದು, ಸೆನ್ಸರಿನ ಎದುರು ಚಕ್ರದ ಜೊತೆ ತಿರುಗುವ ಹಲ್ಲಿನ ರಿಂಗ್ ಒಡೆದಿರಬಹುದು, ಬೇರಿಂಗಿನಲ್ಲಿ ಆಟ ಹೆಚ್ಚಿರಬಹುದು, ಒಂದು ಮೂಲೆಗೆ ಬೇರೆ ಅಳತೆಯ ಟಯರ್ ಹಾಕಿರಬಹುದು. ದೀಪ ಬರದೆಯೇ, ನಿಧಾನವಾಗಿ ನಿಲ್ಲುವ ಕೊನೆಯ ಗಳಿಗೆಯಲ್ಲಿ ಪೆಡಲ್ ಕಾಲಿಗೆ ಗುರ್ ಎಂದು ಒದೆಯುವುದಾದರೆ ಸೆನ್ಸರ್ ಕೂರುವ ಜಾಗದಲ್ಲಿ ತುಕ್ಕು ಬೆಳೆದು ಅದನ್ನು ರಿಂಗಿನಿಂದ ದೂರ ಎತ್ತಿದೆಯೇ ನೋಡಬೇಕು. ನಿಮ್ಮದು ಈ ಯಾವ ಗುಂಪಿಗೂ ಸೇರದೆ, ಅಲುಗಿದಾಗ ಮಾತ್ರ ಸಂಪರ್ಕ ತಪ್ಪುವ ಗುಂಪಿಗೆ ಸೇರುತ್ತದೆ.

ನಿಮ್ಮ ರೀಡರ್ ‘ದೋಷ ಇಲ್ಲ’ ಎಂದದ್ದನ್ನು ನಂಬಬೇಡಿ. ಅಂಥ ಸಣ್ಣ ರೀಡರುಗಳಲ್ಲಿ ಹೆಚ್ಚಿನವು ಎಂಜಿನ್ನಿಗೆ ಸೇರಿದ, ‘ಪಿ’ ಅಕ್ಷರದಿಂದ ಶುರುವಾಗುವ ಕೋಡುಗಳನ್ನು ಮಾತ್ರ ಓದುತ್ತವೆ. ಬ್ರೇಕಿಗೆ ಸೇರಿದವು ‘ಸಿ’ ಅಕ್ಷರದ ಕೋಡುಗಳು, ಅವು ಎಬಿಎಸ್ ಯೂನಿಟ್ಟಿನಲ್ಲಿರುತ್ತವೆ. ಎಬಿಎಸ್ ಓದಬಲ್ಲ ಸ್ಕ್ಯಾನರ್ ಯಾರಿಂದಲಾದರೂ ಸಿಕ್ಕರೆ ಯಾವ ಚಕ್ರ ಎಂಬುದು ಕ್ಷಣದಲ್ಲಿ ಗೊತ್ತಾಗುತ್ತದೆ. ಸಿಗದಿದ್ದರೂ ಮಲ್ಟಿಮೀಟರ್ ಸಾಕು.

ಮೊದಲು ಸೆನ್ಸರ್ ಯಾವ ಬಗೆಯದು ಎಂದು ವರ್ಕ್‌ಶಾಪ್ ಕೈಪಿಡಿಯಲ್ಲಿ ನೋಡಿಕೊಳ್ಳಿ. ಹಳೆಯ ವಾಹನಗಳಲ್ಲಿ ಸಾಮಾನ್ಯವಾಗಿ ಸುರುಳಿ ಮತ್ತು ಆಯಸ್ಕಾಂತ ಇರುವ, ಹಲ್ಲಿನ ರಿಂಗಿನ ಎದುರು ಕೂರುವ ಸೆನ್ಸರ್ ಇರುತ್ತದೆ. ಇದರ ರೆಸಿಸ್ಟೆನ್ಸನ್ನು ಮೀಟರಿನಿಂದ ಅಳೆಯಬಹುದು; ಬಹಳಷ್ಟು ಸೆನ್ಸರುಗಳಲ್ಲಿ ಅದು ಸುಮಾರು 800ರಿಂದ 2,000 ಓಮ್ ನಡುವೆ ಬರುತ್ತದೆ. ಹೊಸ ಬಗೆಯ ಸೆನ್ಸರಿಗೆ ಒಳಗೆ ಎಲೆಕ್ಟ್ರಾನಿಕ್ ಚಿಪ್ ಇರುತ್ತದೆ, ಅದು ಯೂನಿಟ್ಟಿನಿಂದ ಕರೆಂಟ್ ಪಡೆದು ಸುಮಾರು 7 ಮತ್ತು 14 ಮಿಲಿಆಂಪಿಯರ್ ನಡುವೆ ಬದಲಾಗುವ ಸಿಗ್ನಲ್ ಕೊಡುತ್ತದೆ. ಅದಕ್ಕೆ ಓಮ್ ಮೀಟರ್ ಹಚ್ಚಿದರೆ ಅರ್ಥವಿರುವ ಸಂಖ್ಯೆ ಸಿಗುವುದಿಲ್ಲ, ಸೆನ್ಸರ್ ಕೆಡುವ ಸಾಧ್ಯತೆಯೂ ಉಂಟು. ಈ ಭೇದ ತಿಳಿಯದೆ ಮೀಟರ್ ಹಿಡಿಯಬೇಡಿ.

ನಿಮ್ಮದು ಸುರುಳಿಯ ಬಗೆಯದೇ ಆಗಿದ್ದರೆ ಹೀಗೆ ಮಾಡಿ. ಕೀಲಿ ತೆಗೆದು, ಚಾಸಿಯ ಹತ್ತಿರ ಇರುವ ಸೆನ್ಸರ್ ಕನೆಕ್ಟರನ್ನು ಬಿಡಿಸಿ. ಪಿನ್ನುಗಳಲ್ಲಿ ಹಸಿರು ಕಿಲುಬು ಅಥವಾ ಒಣಗಿದ ಕೆಸರು ಇದೆಯೇ ನೋಡಿ, ಇದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಶುಚಿ ಮಾಡಿ. ನಂತರ ಸೆನ್ಸರಿನ ಕಡೆಯ ಎರಡು ಪಿನ್ನುಗಳ ನಡುವೆ ರೆಸಿಸ್ಟೆನ್ಸ್ ಅಳೆಯಿರಿ. ನಾಲ್ಕೂ ಚಕ್ರಗಳದ್ದನ್ನು ಬರೆದಿಟ್ಟುಕೊಳ್ಳಿ. ಒಂದೇ ಆಕ್ಸಲಿನ ಎಡ ಬಲ ಸೆನ್ಸರುಗಳು ಹತ್ತಿರ ಹತ್ತಿರದ ಸಂಖ್ಯೆ ತೋರಿಸಬೇಕು. ಪುಸ್ತಕದ ಸಂಖ್ಯೆಗಿಂತ ಈ ಹೋಲಿಕೆಯೇ ಹೆಚ್ಚು ಉಪಯುಕ್ತ ಎಂಬುದು ನನ್ನ ನಂಬಿಕೆ. ಒಂದೊಂದು ಪಿನ್ನಿನಿಂದ ಚಾಸಿಗೆ ಅಳೆದಾಗ ಸಂಪರ್ಕವೇ ಇಲ್ಲ ಎಂದು ಬರಬೇಕು. ಸಂಪರ್ಕ ಇದೆ ಎಂದು ಬಂದರೆ ವೈರಿನ ಸಿಪ್ಪೆ ಎಲ್ಲೋ ಉಜ್ಜಿ ಹೋಗಿದೆ.

ನಿಮಗೆ ನಿಜವಾಗಿ ಬೇಕಾದ ಪರೀಕ್ಷೆ ಇದರ ನಂತರದ್ದು. ಗಾಡಿಯನ್ನು ಗಟ್ಟಿ ನೆಲದಲ್ಲಿ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡ ಕೊಟ್ಟು, ಚಾಸಿಯನ್ನು ಜಾಕಿನಿಂದ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿ, ಆಕ್ಸಲ್ ಪೂರ್ತಿ ಕೆಳಗೆ ಜೋತುಬೀಳಲಿ. ಆಕ್ಸಲಿಗೆ ಸ್ಟ್ಯಾಂಡ್ ಕೊಟ್ಟರೆ ಈ ಪರೀಕ್ಷೆ ವ್ಯರ್ಥ, ಏಕೆಂದರೆ ವೈರ್ ಎಳೆದುಕೊಳ್ಳುವುದು ಚಕ್ರ ಕೆಳಗಿಳಿದಾಗಲೇ. ಈಗ ಮೀಟರ್ ಜೋಡಿಸಿದಂತೆಯೇ ಇರಲಿ, ಇನ್ನೊಬ್ಬರು ಸ್ಟಿಯರಿಂಗನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ತಿರುಗಿಸಲಿ. ನೀವು ವೈರಿನ ಉದ್ದಕ್ಕೂ, ವಿಶೇಷವಾಗಿ ಪ್ರತಿ ಕ್ಲಿಪ್ಪಿನ ಅಂಚಿನಲ್ಲಿ, ಬೆರಳಿನಿಂದ ಬಗ್ಗಿಸುತ್ತಾ ಹೋಗಿ. ಸಂಖ್ಯೆ ಎಲ್ಲಿ ಹಾರುತ್ತದೆಯೋ ದೋಷ ಅಲ್ಲಿದೆ. ಹೊರಗಿನ ರಬ್ಬರ್ ಏನೂ ಆಗದಂತೆ ಕಂಡರೂ ಒಳಗಿನ ತಾಮ್ರದ ಎಳೆಗಳು ತುಂಡಾಗಿರುತ್ತವೆ. ಆ ಜಾಗ ಕೈಗೆ ಉಳಿದ ಭಾಗಕ್ಕಿಂತ ಮೆತ್ತಗೆ, ಸುಲಭವಾಗಿ ಮಡಚುವಂತೆ ತಾಗುತ್ತದೆ.

ಕೊನೆಗೆ ಮೀಟರನ್ನು ಎಸಿ ವೋಲ್ಟಿಗೆ ಹಾಕಿ, ಮೇಲೆದ್ದಿರುವ ಚಕ್ರವನ್ನು ಕೈಯಿಂದ ಸೆಕೆಂಡಿಗೆ ಸುಮಾರು ಒಂದು ಸುತ್ತಿನಂತೆ ತಿರುಗಿಸಿ. ಕೆಲವು ಹತ್ತು ಅಥವಾ ನೂರು ಮಿಲಿವೋಲ್ಟ್ ಬಂದರೆ ಸೆನ್ಸರ್ ಜೀವಂತವಾಗಿದೆ. ಎಡಕ್ಕೂ ಬಲಕ್ಕೂ ಬಹಳ ಅಂತರವಿದ್ದರೆ ಕಡಿಮೆ ಬಂದ ಕಡೆಯ ಸೆನ್ಸರಿನ ತುದಿಯನ್ನೂ ರಿಂಗನ್ನೂ ಶುಚಿ ಮಾಡಿ ನೋಡಿ.

ಇನ್ನೊಂದು ಮಾತು. ಬ್ಯಾಟರಿಯ ವೋಲ್ಟೇಜನ್ನೂ ಅಳೆಯಿರಿ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ಇರಬೇಕು. ಕೆಸರು ಕುಡಿದ ಆಲ್ಟರ್ನೇಟರ್, ಬಹಳ ಹೊತ್ತು ಎಳೆದ ವಿಂಚ್, ಇವುಗಳಿಂದ ವೋಲ್ಟೇಜ್ ಕುಸಿದಾಗ ಎಬಿಎಸ್ ಯೂನಿಟ್ ತಾನೇ ಕೆಲಸ ನಿಲ್ಲಿಸಿ ದೀಪ ಹಚ್ಚುತ್ತದೆ. ಹಳೆಯ ಕೆಲವು ವಾಹನಗಳಲ್ಲಿ ಆಲ್ಟರ್ನೇಟರ್ ಕೈಕೊಟ್ಟಾಗ ಬ್ಯಾಟರಿ ದೀಪದ ಜೊತೆಗೆ ಕೆಂಪು ಬ್ರೇಕ್ ದೀಪವೂ ಮಂದವಾಗಿ ಉರಿಯುವುದುಂಟು. ಬ್ರೇಕಿನಲ್ಲಿ ಏನೂ ಆಗಿರುವುದಿಲ್ಲ.

ಮಣ್ಣುದಾರಿ

ಇಷ್ಟು ತಾಳ್ಮೆಯಿಂದ ಬರೆದ ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನೀವು ಹೇಳಿದ ಕ್ರಮದಲ್ಲಿಯೇ ಮಾಡಿದೆ, ಕಂಡದ್ದನ್ನು ಬರೆಯುತ್ತೇನೆ.

ದೀಪ ಬಂದಾಗಲೆಲ್ಲ ಡಿಫ್ ಲಾಕ್ ಹಾಕಿರಲಿಲ್ಲ, ಆದ್ದರಿಂದ ಆ ಕಾರಣ ಇಲ್ಲ. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 14.2 ವೋಲ್ಟ್ ಇದೆ.

ಬ್ರೇಕ್ ಆಯಿಲ್ ಕನಿಷ್ಠ ಗೆರೆಗಿಂತ ಕೂದಲೆಳೆಯಷ್ಟು ಮೇಲಿತ್ತು. ಹ್ಯಾಂಡ್ ಬ್ರೇಕ್ ಸ್ವಿಚ್ಚಿನ ವೈರ್ ಕಳಚಿದರೂ ಇಳಿಜಾರಿನಲ್ಲಿ ದೀಪ ಹತ್ತಿತು. ಫ್ಲೋಟಿನ ಕನೆಕ್ಟರ್ ಕಳಚಿದಾಗ ಅದೇ ಜಾಗದಲ್ಲಿ ದೀಪ ಆರಿತು. ಮುಂದಿನ ಚಕ್ರ ಬಿಚ್ಚಿ ನೋಡಿದರೆ ಎಡಗಡೆಯ ಹೊರಗಿನ ಪ್ಯಾಡು ಇನ್ನೂ ದಪ್ಪಗಿದೆ, ಒಳಗಿನದು ಹಿಂಬದಿಯ ಕಬ್ಬಿಣಕ್ಕೆ ಬಹಳ ಹತ್ತಿರ ಬಂದಿದೆ. ಕ್ಯಾಲಿಪರಿನ ಕೆಳಗಿನ ಪಿನ್ನು ಒಣಗಿದ ಕೆಸರಿನಿಂದ ಬಿಗಿದುಕೊಂಡು ಕೈಯಿಂದ ಅಲುಗಲೇ ಇಲ್ಲ. ಹಿಂದಿನ ಡ್ರಮ್ಮುಗಳ ಒಳಗೆ ಒಣ ಕೆಸರು ಬಿಟ್ಟರೆ ಜಿಡ್ಡಿಲ್ಲ, ಬೂಸ್ಟರಿನ ಬಣ್ಣ ಹಾಗೆಯೇ ಇದೆ.

ಸೆನ್ಸರುಗಳು ಸುರುಳಿಯ ಬಗೆಯವೇ. ನೆಲದ ಮೇಲೆ ನಿಂತಿದ್ದಾಗ ಮುಂದಿನ ಎಡ ಮತ್ತು ಬಲ ಎರಡೂ ಸುಮಾರು 1,200 ಓಮ್ ತೋರಿಸಿದವು. ಚಾಸಿಯನ್ನು ಎತ್ತಿ ಆಕ್ಸಲ್ ಜೋತುಬಿದ್ದ ಮೇಲೆ ಬಲಗಡೆಯದು ಬದಲಾಗಲಿಲ್ಲ. ಎಡಗಡೆಯದು ಸ್ಟಿಯರಿಂಗನ್ನು ಬಲಕ್ಕೆ ಪೂರ್ತಿ ತಿರುಗಿಸಿದಾಗ ಸಂಪರ್ಕವೇ ಇಲ್ಲವೆಂದು ತೋರಿಸಿ, ನೇರ ಮಾಡಿದಾಗ ಮತ್ತೆ 1,200ಕ್ಕೆ ಬಂತು. ಸ್ಟಿಯರಿಂಗ್ ನಕಲ್ (ಸ್ಟಿಯರಿಂಗ್ ಜೊತೆ ತಿರುಗುವ, ಚಕ್ರವನ್ನು ಹಿಡಿದಿರುವ ಭಾಗ) ಮೇಲಿರುವ ಕ್ಲಿಪ್ಪಿನ ಅಂಚಿನಲ್ಲಿ ವೈರ್ ತಂತಿವಾದ್ಯದ ತಂತಿಯಂತೆ ಬಿಗಿದು ನಿಂತಿತ್ತು. ಅಲ್ಲಿ ಒತ್ತಿದಾಗ ನೀವು ಹೇಳಿದಂತೆಯೇ ಮೆತ್ತಗಿದೆ.

ಈಗ ಎರಡು ಪ್ರಶ್ನೆಗಳು. ಆ ಜಾಗದಲ್ಲಿ ವೈರನ್ನು ಕತ್ತರಿಸಿ ಬೆಸುಗೆ ಹಾಕಿದರೆ ನಡೆಯುತ್ತದೆಯೇ? ಪ್ಯಾಡು ಬದಲಾಯಿಸುವಾಗ ಎಬಿಎಸ್ ಇರುವ ಕಾರಣಕ್ಕೆ ವಿಶೇಷವಾಗಿ ಏನಾದರೂ ನೋಡಿಕೊಳ್ಳಬೇಕೇ?

ವೈರು ಮತ್ತು ಮೀಟರು

ದೋಷ ಕೈಗೆ ಸಿಕ್ಕಿದ್ದು ಬಹಳ ಸಂತೋಷ. ಆ ಜಾಗದಲ್ಲಿ ಬೆಸುಗೆ ಬೇಡ. ಬೆಸುಗೆ ಹಾಕಿದ ಭಾಗ ಕಡ್ಡಿಯಂತೆ ಗಟ್ಟಿಯಾಗುತ್ತದೆ. ಚಕ್ರದ ಜೊತೆ ದಿನವಿಡೀ ಬಗ್ಗುವ ವೈರಿನಲ್ಲಿ ಆ ಗಟ್ಟಿ ಭಾಗ ಮುಗಿಯುವ ಅಂಚಿನಲ್ಲಿಯೇ ಮತ್ತೆ ತುಂಡಾಗುತ್ತದೆ. ಸೆನ್ಸರನ್ನು ವೈರಿನ ಸಮೇತ ಬದಲಾಯಿಸುವುದೇ ಸರಿ. ತೆಗೆಯುವಾಗ ಅದು ತುಕ್ಕಿನಿಂದ ಹಿಡಿದುಕೊಂಡಿದ್ದರೆ ಇಕ್ಕಳದಿಂದ ತಿರುಚಬೇಡಿ, ತಲೆ ಮುರಿದು ಉಳಿದ ಭಾಗ ಒಳಗೇ ಉಳಿಯುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಹಾಕಿ, ನೆನೆಯಲು ಸಮಯ ಕೊಟ್ಟು, ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪವೇ ಅಲುಗಿಸಿ ಬಿಡಿಸಿ. ಆ ಸ್ಪ್ರೇ ಡಿಸ್ಕಿಗಾಗಲಿ ಪ್ಯಾಡಿಗಾಗಲಿ ತಾಗದಂತೆ ಬಟ್ಟೆ ಮುಚ್ಚಿರಿ. ಸೆನ್ಸರ್ ಕೂರುವ ರಂಧ್ರವನ್ನೂ ಮೇಲ್ಮೈಯನ್ನೂ ತುಕ್ಕಿಲ್ಲದಂತೆ ಉಜ್ಜಿದ ಮೇಲೆಯೇ ಹೊಸದನ್ನು ಕೂರಿಸಿ.

ಹೊಸ ಸೆನ್ಸರಿನ ವೈರ್ ಕೂಡ ಮೂಲ ಉದ್ದದ್ದೇ ಆಗಿರುತ್ತದೆ, ಆದ್ದರಿಂದ ಇದ್ದಂತೆಯೇ ಹಾಕಿದರೆ ಅದೇ ಕಥೆ ಮರುಕಳಿಸುತ್ತದೆ. ಎರಡು ಇಂಚಿನ ಎತ್ತರಕ್ಕೆ ಎಷ್ಟೋ ಸಲ ಚಾಸಿಯ ಕಡೆಯ ಕ್ಲಿಪ್ಪನ್ನು ಕೆಳಗೆ ಇಳಿಸಿ ಸಡಿಲ ಕೊಟ್ಟರೆ ಸಾಕಾಗುತ್ತದೆ. ಸಾಲದಿದ್ದರೆ ಉದ್ದ ಸೇರಿಸುವ ಜೋಡಣೆಯನ್ನು ಅಲುಗದ ಚಾಸಿಯ ಭಾಗದಲ್ಲಿ ಮಾಡಿ. ಎರಡು ಎಳೆಗಳೂ ಒಂದಕ್ಕೊಂದು ಸುತ್ತಿಕೊಂಡೇ ಇರಲಿ, ಬಿಡಿಸಿದರೆ ಸುತ್ತಲಿನ ವಿದ್ಯುತ್ ಗದ್ದಲ ಸಿಗ್ನಲ್ಲಿಗೆ ಸೇರಬಹುದು. ಒತ್ತಿ ಕೂರಿಸುವ ಜೋಡಣೆ ಬಳಸಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಕೊಳವೆಯಿಂದ ಮುಚ್ಚಿ. ವೈರನ್ನು ಬ್ರೇಕ್ ಹೋಸಿನ ಜೊತೆಯಲ್ಲಿಯೇ ಸಾಗಿಸಿ, ಆದರೆ ಬಿಗಿಯಾಗಿ ಕಟ್ಟಬೇಡಿ. ಹಿಂದಿನ ಆಕ್ಸಲಿನ ವೈರುಗಳನ್ನೂ ಈಗಲೇ ಜೋತುಬೀಳಿಸಿ ನೋಡಿಬಿಡಿ, ಎತ್ತರಿಸಿದ್ದು ನಾಲ್ಕೂ ಕಡೆ ತಾನೆ.

ಹಳೆ ಸ್ಪ್ಯಾನರ್

ಪ್ಯಾಡುಗಳನ್ನು ಎಡ ಬಲ ಎರಡೂ ಕಡೆ ಒಟ್ಟಿಗೇ ಬದಲಾಯಿಸಿ. ಬಿಗಿದ ಪಿನ್ನನ್ನು ಹೊರತೆಗೆದು, ಸವೆದು ಗುಂಡಿ ಬಿದ್ದಿದ್ದರೆ ಹೊಸದು ಹಾಕಿ, ರಬ್ಬರ್ ಕವಚ ಹರಿದಿದ್ದರೆ ಅದನ್ನೂ ಬದಲಾಯಿಸಿ; ಕೆಸರು ಒಳಗೆ ಹೋದದ್ದು ಅಲ್ಲಿಂದಲೇ ಇರಬೇಕು. ಪಿನ್ನಿಗೆ ಬ್ರೇಕಿಗೆಂದೇ ಬರುವ, ರಬ್ಬರಿಗೆ ಹಾನಿ ಮಾಡದ ಗ್ರೀಸನ್ನೇ ಹಚ್ಚಿ.

ಪಿಸ್ಟನ್ ಹಿಂದಕ್ಕೆ ತಳ್ಳುವಾಗ ನಾನು ಬ್ಲೀಡರ್ ನಿಪ್ಪಲಿಗೆ (ಕ್ಯಾಲಿಪರಿನಿಂದ ಆಯಿಲ್ ಮತ್ತು ಗಾಳಿ ಹೊರಬಿಡುವ ತಿರುಪು) ಪಾರದರ್ಶಕ ಕೊಳವೆ ಹಾಕಿ, ಕೊಳವೆಯ ತುದಿಯನ್ನು ಸ್ವಲ್ಪ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿ, ನಿಪ್ಪಲ್ ಸಡಿಲಿಸಿಯೇ ತಳ್ಳುತ್ತೇನೆ. ಕ್ಯಾಲಿಪರಿನಲ್ಲಿ ಕೂತ ಕೊಳೆ ಆಯಿಲ್ ಎಬಿಎಸ್ ಯೂನಿಟ್ಟಿನ ಸಣ್ಣ ವಾಲ್ವುಗಳ ಕಡೆಗೆ ಹಿಂದಿರುಗದಿರಲಿ ಎಂಬುದು ಕಾರಣ. ತಳ್ಳಿ ಮುಗಿದ ಕೂಡಲೇ ನಿಪ್ಪಲ್ ಬಿಗಿ ಮಾಡಿ. ಡಬ್ಬಿ ಯಾವ ಗಳಿಗೆಯಲ್ಲೂ ಖಾಲಿಯಾಗಲು ಬಿಡಬೇಡಿ. ಯೂನಿಟ್ಟಿನೊಳಗೆ ಗಾಳಿ ಸೇರಿದರೆ ಅದನ್ನು ತೆಗೆಯಲು ಅನೇಕ ವಾಹನಗಳಲ್ಲಿ ಸ್ಕ್ಯಾನರ್ ಬೇಕಾಗುತ್ತದೆ. ಎಲ್ಲ ಜೋಡಿಸಿದ ಮೇಲೆ ಗಾಡಿಯನ್ನು ಅಲುಗಿಸುವ ಮೊದಲೇ, ಪೆಡಲ್ ಗಟ್ಟಿಯಾಗುವವರೆಗೂ ಒತ್ತಿ ಒತ್ತಿ ಬಿಡಿ. ಇದನ್ನು ಮರೆತು ಹೊರಟರೆ ಮೊದಲ ಸಲ ಒತ್ತಿದಾಗ ಪೆಡಲ್ ನೆಲಕ್ಕೆ ಹೋಗುತ್ತದೆ.

ಪಿಸ್ಟನ್ ಹಿಂದಕ್ಕೆ ಹೋದ ಮೇಲೂ ಮಟ್ಟ ಎಷ್ಟಿದೆ ಎಂದು ನೋಡಿಕೊಂಡು, ಆಗ ಬೇಕಾದಷ್ಟೇ ಆಯಿಲ್ ಹಾಕಿ. ನಂತರ ಅದೇ ಇಳಿಜಾರಿಗೆ ಹೋಗಿ ಕೆಂಪು ದೀಪ ಬರುತ್ತದೆಯೇ ನೋಡಿ. ಮಟ್ಟ ಗರಿಷ್ಠ ಗೆರೆಯಲ್ಲಿದ್ದೂ ದೀಪ ಬಂದರೆ ಫ್ಲೋಟ್ ಆಯಿಲ್ ಹೀರಿ ಮುಳುಗುತ್ತಿದೆ ಎಂದು ತಿಳಿದು ಅದನ್ನು ಬದಲಾಯಿಸಿ. ಎಬಿಎಸ್ ಪರೀಕ್ಷೆಗೆ ಹಿಂದೆ ಮುಂದೆ ಯಾರೂ ಇಲ್ಲದ, ಅಗಲವಾದ, ಸಡಿಲ ಜಲ್ಲಿಯ ಜಾಗದಲ್ಲಿ ನಿಧಾನ ವೇಗದಿಂದ ಒಮ್ಮೆ ಜೋರಾಗಿ ಬ್ರೇಕ್ ಒತ್ತಿ. ಪೆಡಲ್ ಕಾಲಡಿಯಲ್ಲಿ ಅದುರಿದರೆ, ದೀಪ ಬರದಿದ್ದರೆ, ವೈರ್ ಸರಿಹೋಗಿದೆ.